ತಮಟೆಯನ್ನು ಕರೆದವರು ಯಾರು?

"ಅಲ್ಲ ಸಾರ್, ಹಾಡು ಹೇಳ್ಕೊಂಡು ಊರೂರು ತಿರುಗಿದ್ರೆ ಹೊಟ್ಟೆ ತುಂಬುತ್ತಾ?"

ಲಿಂಗದಹಳ್ಳಿ ಕಡೆಯ ಮೇಷ್ಟ್ರೊಬ್ಬರು ಕೇಳಿದ ಪ್ರಶ್ನೆ ಇದು. ತಮಾಷೆಗೆ ಕೇಳಿದ್ದಲ್ಲ. ಅವರ ಶಾಲೆಗೆ ಕೇರಿಯ ಮಕ್ಕಳು ಬರುತ್ತಾರೆ. ಅಡಿಕೆ ಕೊಯ್ಲು ಶುರುವಾದರೆ ಒಬ್ಬೊಬ್ಬರಾಗಿ ಕಾಣೆಯಾಗುತ್ತಾರೆ. ಹಸಿವನ್ನು ಹತ್ತಿರದಿಂದ ಕಂಡವರ ಪ್ರಶ್ನೆ ಇದು. ನೇರವಾಗಿಯೇ ಹೇಳಿಬಿಡೋಣ: ತುಂಬುವುದಿಲ್ಲ. ಹಾಡಿನಿಂದ ಯಾರ ಹೊಟ್ಟೆಯೂ ತುಂಬಿಲ್ಲ. ಆದರೆ ಮೇಷ್ಟ್ರಿಗೆ ತಿರುಗಿ ಒಂದು ಪ್ರಶ್ನೆ ಕೇಳಬೇಕು. ಹೊಟ್ಟೆ ತುಂಬದ ಜನ ತಮ್ಮ ಹಸಿವಿಗೆ ಹಣೆಬರಹ ಕಾರಣವಲ್ಲ, ಮನುಷ್ಯರು ಕಾರಣ ಅಂತ ತಿಳಿದುಕೊಂಡದ್ದು ಎಲ್ಲಿಂದ? ಪುಸ್ತಕ ಓದಿಯಂತೂ ಅಲ್ಲ. ಓದಲು ಅವರಿಗೆ ಅಕ್ಷರವೇ ಇರಲಿಲ್ಲ. ಪುರಾಣ ಕೇಳಿಯೂ ಅಲ್ಲ. ಪುರಾಣ ಹೇಳಿದ್ದು ಹಣೆಬರಹವನ್ನೇ.

ಲಿಂಗದಹಳ್ಳಿ ದಾಟಿ ಮೇಲಕ್ಕೆ ಹೋದರೆ ಕೆಮ್ಮಣ್ಣುಗುಂಡಿ. 1923ರಲ್ಲಿ ಭದ್ರಾವತಿಯ ಕಬ್ಬಿಣದ ಕಾರ್ಖಾನೆ ಶುರುವಾದ ಮೇಲೆ ಈ ಬೆಟ್ಟದ ಅದಿರು ದಶಕಗಳ ಕಾಲ ಅಲ್ಲಿಗೆ ಇಳಿದು ಹೋಯಿತು. ಅದಿರು ಅಗೆದವರ ಹೆಸರು ಯಾವ ಚರಿತ್ರೆಯಲ್ಲೂ ಇಲ್ಲ. ಅದೇ ಭದ್ರಾವತಿಯಲ್ಲಿ ಕನ್ನಡ ಅಧ್ಯಾಪಕರಾಗಿದ್ದ ಬಿ. ಕೃಷ್ಣಪ್ಪನವರು 1970ರ ದಶಕದ ನಡುವೆ ಗೆಳೆಯರ ಜೊತೆ ದಲಿತ ಸಂಘರ್ಷ ಸಮಿತಿಯನ್ನು ಕಟ್ಟಿದರು. ಬೆಟ್ಟದಿಂದ ಅದಿರು ಹೋದ ಊರಿನಿಂದ ಈ ಬಾರಿ ಹೊರಟದ್ದು ಕರಪತ್ರ, ಅಧ್ಯಯನ ಶಿಬಿರ, ಜಾಥಾ ಮತ್ತು ಹಾಡು. ಕರಪತ್ರ ಓದುವವರಿಗೆ ತಲುಪಿತು. ಹಾಡು ಎಲ್ಲರಿಗೂ ತಲುಪಿತು. ಆದ್ದರಿಂದ ಚಳವಳಿಯ ಹಾಡನ್ನು ಸಾಹಿತ್ಯವಾಗಿ ವಿಮರ್ಶೆ ಮಾಡುವುದು ನಮ್ಮ ಕೆಲಸ. ಹೊಗಳಿಕೆಯೂ ಬೇಡ, ಮೂಗು ಮುರಿಯುವುದೂ ಬೇಡ. ಆ ಹಾಡು ಕೇರಿಯಲ್ಲಿ ಏನು ಮಾಡಿತು, ಏನು ಮಾಡಲಿಲ್ಲ ಎಂದು ನೋಡಬೇಕು.

1

1973ರ ನವೆಂಬರಿನಲ್ಲಿ ಮಂತ್ರಿ ಬಿ. ಬಸವಲಿಂಗಪ್ಪನವರು ಮೈಸೂರಿನಲ್ಲಿ ಕನ್ನಡ ಸಾಹಿತ್ಯದಲ್ಲಿ ಬೂಸಾವೇ ಹೆಚ್ಚು ಎಂಬರ್ಥದ ಮಾತಾಡಿದರು. ದನದ ಮೇವಿನ ಹೆಸರು ಕೇಳಿದ್ದೇ ತಡ, ಸಾಹಿತ್ಯಾಭಿಮಾನಿಗಳು ಎದ್ದುನಿಂತರು. ಬಸವಲಿಂಗಪ್ಪನವರ ಮಂತ್ರಿ ಪದವಿ ಹೋಯಿತು. ಹಾಸ್ಟೆಲಿನ ದಲಿತ ಹುಡುಗರ ಮೇಲೆ ಹಲ್ಲೆಯಾಯಿತು. ಕನ್ನಡ ಸಾಹಿತ್ಯ ಯಾರದು ಎಂಬ ಪ್ರಶ್ನೆಗೆ ಅವತ್ತು ದೊಣ್ಣೆ ಉತ್ತರ ಕೊಟ್ಟಿತು.

1975ರಲ್ಲಿ ಸಿದ್ಧಲಿಂಗಯ್ಯನವರ 'ಹೊಲೆಮಾದಿಗರ ಹಾಡು' ಬಂತು. ಮಾಗಡಿ ತಾಲ್ಲೂಕಿನ ಮಂಚನಬೆಲೆಯಲ್ಲಿ 1954ರಲ್ಲಿ ಹುಟ್ಟಿ, ಬೆಂಗಳೂರಿನ ಶ್ರೀರಾಮಪುರದ ಕೊಳೆಗೇರಿಯಲ್ಲಿ ಬೆಳೆದ, ಇಪ್ಪತ್ತೊಂದರ ಆಸುಪಾಸಿನ ಹುಡುಗ ಬರೆದ ಪುಸ್ತಕ. ಪಂಡಿತರು "ಇದು ಕಾವ್ಯವಲ್ಲ, ಘೋಷಣೆ" ಎಂದರು. ಈ ಆರೋಪವನ್ನು ಗಂಭೀರವಾಗಿಯೇ ತೆಗೆದುಕೊಳ್ಳೋಣ.

ನವ್ಯ ಕವಿತೆಗೆ ಒಬ್ಬ ಓದುಗ ಬೇಕು, ಕೈಯಲ್ಲಿ ಪುಸ್ತಕ ಬೇಕು, ಕೂತು ಯೋಚಿಸಲು ಬಿಡುವು ಬೇಕು. ಬೆಳಗಿನಿಂದ ಬೈಗಿನವರೆಗೆ ಕೂಲಿ ಮಾಡಿ ಬಂದವರಿಗೆ ಈ ಮೂರರಲ್ಲಿ ಒಂದೂ ಇಲ್ಲ. ಅವರ ಹತ್ತಿರ ಇರುವುದು ಬೇರೆ ಆಸ್ತಿ. ಒಬ್ಬರು ಎತ್ತಿಕೊಟ್ಟರೆ ಹತ್ತು ಜನ ಹಿಡಿಯುವ ಸೋಬಾನೆ, ಕೋಲಾಟದ ಪದ, ತತ್ವಪದ. ಈ ಕಟ್ಟಿನಲ್ಲಿ ಪಲ್ಲವಿ ಮತ್ತೆ ಮತ್ತೆ ಬರುತ್ತದೆ. ಪಂಡಿತರಿಗೆ ಅದು ಪುನರುಕ್ತಿ ದೋಷ. ಆದರೆ ಅಕ್ಷರ ಬಾರದ ಹೆಂಗಸು ಹಾಡಿನೊಳಗೆ ಕಾಲಿಡುವುದು ಆ ಪುನರುಕ್ತಿಯಿಂದಲೇ. ಮೊದಲ ಸಲ ಕೇಳುತ್ತಾಳೆ, ಎರಡನೇ ಸಲ ಗುನುಗುತ್ತಾಳೆ, ಮೂರನೇ ಸಲ ಅವಳೂ ಹಾಡುತ್ತಾಳೆ. ಹಾಡಿದ ಮೇಲೆ ಆ ಮಾತು ಕವಿಯದಲ್ಲ, ಅವಳದು.

'ನನ್ನ ಜನಗಳು' ಎಂಬ ಹಾಡನ್ನೇ ನೋಡಿ. ಅದು ಹೆಚ್ಚುಕಡಿಮೆ ಒಂದು ಪಟ್ಟಿ. ಯಾರು ಯಾವ ಕೆಲಸ ಮಾಡಿದರು, ಮಾಡಿಯೂ ಏನನ್ನು ಪಡೆಯಲಿಲ್ಲ ಎಂಬ ಪಟ್ಟಿ. ಅಲಂಕಾರ ಹುಡುಕಿದರೆ ಸಿಗುವುದು ಕಡಿಮೆ. ಆದರೆ ಸಾಲದ ಲೆಕ್ಕವನ್ನು ಯಾವಾಗಲೂ ಜಮೀನ್ದಾರನೇ ಬರೆದಿಟ್ಟಿದ್ದ ನಾಡಿನಲ್ಲಿ, ಕೂಲಿಯವನು ತನ್ನ ಕಡೆಯ ಲೆಕ್ಕವನ್ನು ಗಟ್ಟಿಯಾಗಿ ಓದಿ ಹೇಳಿದರೆ ಅದಕ್ಕಿಂತ ದೊಡ್ಡ ಅಲಂಕಾರ ಯಾವುದು? ಜೀತ ಪದ್ಧತಿ ರದ್ದಾದದ್ದು 1975ರ ಸುಗ್ರೀವಾಜ್ಞೆಯಲ್ಲಿ, 1976ರ ಕಾನೂನಿನಲ್ಲಿ. ಹಾಡು ಮತ್ತು ಕಾನೂನು ಒಂದೇ ಕಾಲದವು. ಕಾನೂನು ದಿಲ್ಲಿಯಲ್ಲಿ ಇತ್ತು. "ನಿನ್ನ ಮೈ ನಿನ್ನದು ಕಣಪ್ಪ" ಎಂದು ಕೇರಿಗೆ ಬಂದು ಹೇಳಿದ್ದು ಹಾಡು.

ಹೇಳಿದವರು ಯಾರು? ಕವಿ ಒಬ್ಬರೇ ಅಲ್ಲ. ಹಾಸ್ಟೆಲಿನ ಹುಡುಗರು, ಕೂಲಿಯವರು, ಕಾರ್ಖಾನೆಯವರು, ರಜೆಯಲ್ಲಿ ಬಂದ ಮೇಷ್ಟ್ರುಗಳು. ಅವರು ರಾಗ ಹಾಕಿದರು, ತಮ್ಮ ಊರಿನ ಮಾತು ಸೇರಿಸಿದರು, ಬೇಡವಾದ ಸಾಲು ಬಿಟ್ಟರು. ವಿಮರ್ಶಕರು ಮುದ್ರಿತ ಪುಸ್ತಕವನ್ನಷ್ಟೇ ಓದಿದರು. ಕೇರಿಯಲ್ಲಿ ತಿದ್ದಿದ ಪಾಠವನ್ನು ಓದಲೇ ಇಲ್ಲ.

2

ಇನ್ನು ಪುಸ್ತಕದ ಹೆಸರು. ಹೊಲಗೇರಿ ಬೇರೆ, ಮಾದಿಗರ ಕೇರಿ ಬೇರೆ. ಒಬ್ಬರ ಮನೆಯ ಹೆಣ್ಣು ಇನ್ನೊಬ್ಬರ ಮನೆಗೆ ಹೋಗುವುದಿಲ್ಲ. ಮೇಲಿನವರು ನಮ್ಮಿಬ್ಬರನ್ನೂ ಹೊರಗಿಟ್ಟರು, ನಾವು ಒಬ್ಬರನ್ನೊಬ್ಬರು ಹೊರಗಿಟ್ಟೆವು. ಈ ಎರಡು ಹೆಸರುಗಳನ್ನು, ಬೈಗುಳವಾಗಿದ್ದ ಎರಡು ಹೆಸರುಗಳನ್ನು, ಒಂದೇ ಪದವಾಗಿ ಹೊಸೆದು ಪುಸ್ತಕದ ಹಣೆಯ ಮೇಲೆ ಬರೆದದ್ದು ಸಣ್ಣ ಕೆಲಸವಲ್ಲ.

ಆದರೆ ಆ ಹೆಸರು ಕೊಟ್ಟ ಮಾತನ್ನು ನಾವು ಉಳಿಸಿಕೊಂಡೆವೇ? ಒಳಮೀಸಲಾತಿ ಕೇಳಿ ಮಾದಿಗರು ದಶಕಗಳ ಕಾಲ ಬೀದಿಯಲ್ಲಿ ನಿಲ್ಲಬೇಕಾಯಿತು. ಹಂಚಿಕೆ ಮಾಡುವ ಅಧಿಕಾರ ರಾಜ್ಯಗಳಿಗಿದೆ ಎಂದು ಸುಪ್ರೀಂ ಕೋರ್ಟು ಹೇಳಿದ್ದು 2024ರ ಆಗಸ್ಟ್ 1ರಂದು. ಅಲ್ಲಿಯವರೆಗೆ ಹಾಡಿನಲ್ಲಿ ನಾವು ಒಂದೇ ಪದವಾಗಿದ್ದೆವು, ಪಾಲಿನ ಮಾತು ಬಂದಾಗ ಎರಡಾದೆವು. ತಪ್ಪು ಹಾಡಿನದಲ್ಲ. ಹಾಡನ್ನು ಬಾಯಲ್ಲಿ ಇಟ್ಟುಕೊಂಡು ಕೈಯಲ್ಲಿ ಜಾತಿ ಹಿಡಿದುಕೊಂಡ ನಮ್ಮದು.

3

ಹಾಡಿನ ಜೊತೆಗೆ ತಮಟೆಯ ಮಾತೂ ಬರಬೇಕು. ಒಂದು ಬಳೆ, ಅದಕ್ಕೆ ಬಿಗಿದ ಚರ್ಮ, ಒಂದು ದಪ್ಪ ಕೋಲು, ಒಂದು ತೆಳ್ಳನೆ ಕಡ್ಡಿ. ಹುಲ್ಲಿನ ಬೆಂಕಿಗೆ ಹಿಡಿದು ಕಾಯಿಸಿದರೆ ಚರ್ಮ ಬಿಗಿಯುತ್ತದೆ, ದನಿ ಏಳುತ್ತದೆ. ಚರ್ಮ ಹದ ಮಾಡುವವನು, ಬಿಗಿಯುವವನು, ಬಡಿಯುವವನು ಎಲ್ಲ ಕೇರಿಯವನೇ. ಕರೆಯುವವನು ಮಾತ್ರ ಊರಿನವನು. ಹೆಣ ಎದ್ದರೆ ಬಾ, ಜಾತ್ರೆಗೆ ಬಾ, ಡಂಗುರಕ್ಕೆ ಬಾ. ದೇವರ ಮುಂದೆ ಬಡಿ, ಗುಡಿಯೊಳಗೆ ಬರಬೇಡ.

1961ರಲ್ಲಿ ಗ್ರಾಮ ಹುದ್ದೆಗಳ ರದ್ದತಿ ಕಾಯಿದೆ ಬಂತು. ತೋಟಿ, ತಳವಾರ, ನೀರಗಂಟಿ ಮೊದಲಾದ ವಂಶಪಾರಂಪರ್ಯದ ಚಾಕರಿಗಳು ಕಾಗದದ ಮೇಲೆ ಹೋದವು. ಊರಿನವರ ಕರೆ ಮಾತ್ರ ಹೋಗಲಿಲ್ಲ. ತಮಟೆ ಬಡಿಯಲು ಒಲ್ಲೆ ಎಂದವರಿಗೆ ಅಂಗಡಿಯಲ್ಲಿ ಸಾಮಾನಿಲ್ಲ, ಹೊಲದಲ್ಲಿ ಕೂಲಿಯಿಲ್ಲ ಎಂದು ಬಹಿಷ್ಕಾರ ಹಾಕಿದ ಸುದ್ದಿಗಳು ಈ ಶತಮಾನದಲ್ಲೂ ಬಂದಿವೆ.

ಚಳವಳಿಯ ಒಳಗೆ ಇದಕ್ಕೆ ಎರಡು ಉತ್ತರ ಬಂದವು. "ಬಿಸಾಕು ಆ ತಮಟೇನ. ಅದು ನಮ್ಮ ಕೊರಳಿನ ಹಗ್ಗ" ಎಂದರು ಕೆಲವರು. ಬಾಬಾಸಾಹೇಬರು 1927ರಲ್ಲಿ ಮಹಾಡಿನಲ್ಲಿ ಸತ್ತ ದನದ ಮಾಂಸ ಬಿಡಿ, ಹೀನ ಚಾಕರಿ ಬಿಡಿ ಎಂದು ಕರೆ ಕೊಟ್ಟವರು. ಅವರ ದಾರಿಯಲ್ಲಿ ನಿಂತವರ ಮಾತು ಇದು. "ತಮಟೆ ನಮ್ಮದು, ಬಿಡುವುದೇಕೆ? ನಮ್ಮ ಮೆರವಣಿಗೆಗೆ ನಾವೇ ಬಡಿಯೋಣ" ಎಂದರು ಇನ್ನು ಕೆಲವರು. ಅಪ್ಪ ಊರಿನ ಹೆಣದ ಮುಂದೆ ಬಡಿದ ತಮಟೆಯನ್ನು ಮಗ ಅಂಬೇಡ್ಕರ್ ಜಯಂತಿಯ ಮುಂದೆ ಬಡಿದ. ತಮಿಳುನಾಡಿನ ಪರೆಯ ಕತೆಯೂ ಇದೇ. ಅಮೆರಿಕದ ಕಪ್ಪು ಜನ ಗುಲಾಮಗಿರಿಯ ಕಾಲದಲ್ಲಿ ಹಾಡಿಕೊಂಡ ಹಾಡುಗಳನ್ನು 1960ರ ದಶಕದಲ್ಲಿ ಮಾತು ಬದಲಿಸಿ ಬೀದಿಗೆ ತಂದದ್ದೂ ಇದೇ ಬಗೆಯ ಕೆಲಸ.

ಈ ಎರಡು ಉತ್ತರಗಳನ್ನು ಒಂದರ ಎದುರು ಒಂದು ನಿಲ್ಲಿಸಿ ಬಹಳ ಜಗಳವಾಗಿದೆ. ನನಗೆ ಕಾಣುವಂತೆ ಇವೆರಡೂ ಒಂದೇ ಹಕ್ಕಿನ ಎರಡು ಮುಖ. ಒಲ್ಲೆ ಎನ್ನಬಲ್ಲವನು ಮಾತ್ರ ಇಷ್ಟಪಟ್ಟು ಬಡಿಯಬಲ್ಲ. ಒಲ್ಲೆ ಎನ್ನುವ ಹಕ್ಕಿಲ್ಲದವನ ಕೈಯಲ್ಲಿ ತಮಟೆ ಎಷ್ಟೇ ಚೆನ್ನಾಗಿ ನುಡಿದರೂ ಅದು ಬಿಟ್ಟಿ ಚಾಕರಿ. ಹಾಡಿನ ವಿಮರ್ಶೆಗೂ ಇದೇ ಅಳತೆಗೋಲು. ಪದ ಚೆನ್ನಾಗಿದೆಯೇ, ತಾಳ ಕೂಡಿತೇ ಎಂದು ಕೇಳಿ, ಬೇಡ ಎನ್ನುವುದಿಲ್ಲ. ಅದಕ್ಕೂ ಮೊದಲು ಕೇಳಬೇಕಾದದ್ದು: ಕರೆದವರು ಯಾರು?

4

ನಮ್ಮ ಹಾಡುಗಳಲ್ಲಿ ದೋಷ ಇಲ್ಲವೇ? ಇದೆ. ನಮ್ಮವರ ಮುಂದೆಯೇ ಹೇಳಬೇಕು.

ಒಂದು, ನಾಳೆಯ ಮೇಲಿನ ಸಾಲ. ನಾಳೆ ಬರುತ್ತದೆ, ಕ್ರಾಂತಿ ಬರುತ್ತದೆ, ಬೆಳಕು ಬರುತ್ತದೆ ಎಂದು ಹಾಡಿದ್ದೇ ಹಾಡಿದ್ದು. ಐವತ್ತು ವರ್ಷ ಕಳೆದ ಮೇಲೆ ಅದೇ ಸಾಲನ್ನು ಸಭೆಯ ಶುರುವಿಗೆ ಎದ್ದುನಿಂತು ಹಾಡಿ ಕೂತುಬಿಟ್ಟರೆ ಅದು ಪ್ರಾರ್ಥನೆಯಾಗುತ್ತದೆ, ಚಳವಳಿಯಾಗುವುದಿಲ್ಲ. ಭರವಸೆ ಕೊಡುವ ಹಾಡು ನಾಳೆ ಬೆಳಿಗ್ಗೆ ಯಾವ ನಲ್ಲಿ, ಯಾವ ಹೋಟೆಲಿನ ಲೋಟ, ಯಾವ ಸರ್ವೆ ನಂಬರು ಎಂದು ಹೇಳಬೇಕು. ಹೆಸರು ಹೇಳದ ಭರವಸೆ ಪುರಾಣಿಕನ ಸ್ವರ್ಗಕ್ಕಿಂತ ಬೇರೆಯಲ್ಲ.

ಎರಡು, ಹೆಣ್ಣು. ನಮ್ಮ ಹಾಡುಗಳಲ್ಲಿ ಆಕೆ ತಾಯಿ, ಇಲ್ಲವೇ ಮಾನ ಕಳೆದುಕೊಂಡ ತಂಗಿ. ಅಡಿಕೆ ಸುಲಿಯುವವಳು, ತೋಟದ ಮೇಸ್ತ್ರಿಗೆ ಎದುರು ಮಾತಾಡುವವಳು, ಕುಡಿದು ಬಂದ ಗಂಡನಿಗೆ ಬಾಗಿಲು ಹಾಕುವವಳು ಅಷ್ಟಾಗಿ ಹಾಡಾಗಲಿಲ್ಲ. ಪೌರಕಾರ್ಮಿಕ ಹೆಂಗಸರ ಜೊತೆ ಕೆಲಸ ಮಾಡಿದ ದು. ಸರಸ್ವತಿಯವರು 'ಸಣ್ತಿಮ್ಮಿ ರಾಮಾಯಣ'ದಲ್ಲಿ ಹಳ್ಳಿಯ ಹೆಂಗಸೊಬ್ಬಳ ಬಾಯಲ್ಲಿ ರಾಮಾಯಣವನ್ನೇ ಹೇಳಿಸಿದಾಗ ನಮ್ಮ ಗಂಡು ಗಂಟಲಿಗೆ ಎಷ್ಟು ತಪ್ಪಿಹೋಗಿತ್ತು ಎಂದು ತಿಳಿಯಿತು. ಅಲ್ಲಿ ಸಿಟ್ಟಿದೆ, ಜೊತೆಗೆ ನಗುವೂ ಇದೆ. ಊರಿನ ಯಜಮಾನ ಬೈಗುಳಕ್ಕೆ ಹೆದರುವುದಿಲ್ಲ, ನಗುವಿಗೆ ಹೆದರುತ್ತಾನೆ. ಇದು ನಮ್ಮ ಹೆಂಗಸರಿಗೆ ಮೊದಲಿಂದ ಗೊತ್ತು.

ಮೂರು, ವೇದಿಕೆ. 1979ರಲ್ಲಿ ಧರ್ಮಸ್ಥಳದ ಸಾಹಿತ್ಯ ಸಮ್ಮೇಳನದಲ್ಲಿ ದಲಿತ ಸಾಹಿತ್ಯಕ್ಕೆ ಒಂದು ಗೋಷ್ಠಿ ಕೇಳಿದರೆ ಕೊಡಲಿಲ್ಲ. ಅದೇ ವರ್ಷ ಮಾರ್ಚಿಯಲ್ಲಿ ಬೆಂಗಳೂರಿನಲ್ಲಿ ಬಂಡಾಯ ಸಾಹಿತ್ಯ ಸಮ್ಮೇಳನ ನಡೆಯಿತು. 2015ರಲ್ಲಿ ಶ್ರವಣಬೆಳಗೊಳದ ಸಾಹಿತ್ಯ ಸಮ್ಮೇಳನಕ್ಕೆ ಸಿದ್ಧಲಿಂಗಯ್ಯನವರೇ ಅಧ್ಯಕ್ಷರು. 2021ರಲ್ಲಿ ಕೊರೊನಾ ಅವರನ್ನು ಕೊಂಡೊಯ್ದಿತು, 2022ರಲ್ಲಿ ಪದ್ಮಶ್ರೀ ಬಂತು. ಶಿಡ್ಲಘಟ್ಟ ತಾಲ್ಲೂಕಿನ ಪಿಂಡಿಪಾಪನಹಳ್ಳಿಯ ತಮಟೆ ಕಲಾವಿದ ಮುನಿವೆಂಕಟಪ್ಪನವರಿಗೆ 2023ರಲ್ಲಿ ಪದ್ಮಶ್ರೀ ಬಂತು. ಇವನ್ನು ಸಣ್ಣದೆಂದು ತಳ್ಳಿಹಾಕುವವನು ನಾನಲ್ಲ. ಕೇರಿಯ ಹುಡುಗ ತಮಟೆ ಹಿಡಿದ ಕೈಯನ್ನು ರಾಷ್ಟ್ರಪತಿ ಭವನದಲ್ಲಿ ನೋಡಿದರೆ ಅವನ ಬೆನ್ನು ನೆಟ್ಟಗಾಗುತ್ತದೆ. ಆದರೆ ಅದೇ ಹುಡುಗರನ್ನು ಮಂತ್ರಿಯ ಸ್ವಾಗತಕ್ಕೆ ಬಿಸಿಲಿನಲ್ಲಿ ನಿಲ್ಲಿಸಿ, ಬಡಿಸಿ, ಊಟದ ಹೊತ್ತಿಗೆ ಮರೆತರೆ ಅದು ಹಳೆಯ ತೋಟಿ ಚಾಕರಿಯೇ. ಯಜಮಾನನ ಪೇಟ ಹೋಗಿ ಮಂತ್ರಿಯ ಹಾರ ಬಂತು, ಅಷ್ಟೇ.

5

ಇದಕ್ಕೆ ಬೇರೆ ದಾರಿ ಹುಡುಕಿದವರೂ ಇದ್ದಾರೆ. ಕೋಲಾರದ ತೇರಹಳ್ಳಿ ಬೆಟ್ಟದ ಮೇಲೆ ಕೋಟಿಗಾನಹಳ್ಳಿ ರಾಮಯ್ಯ ಮತ್ತು ಅವರ ಸಂಗಾತಿಗಳು 'ಆದಿಮ' ಕಟ್ಟಿದರು. ಹುಣ್ಣಿಮೆಯ ರಾತ್ರಿ ಜನ ಬೆಟ್ಟ ಹತ್ತಿ ಬಂದು ಸೇರುವ 'ಹುಣ್ಣಿಮೆ ಹಾಡು' ಶುರುಮಾಡಿದರು. ಅಲ್ಲಿ ಮುಖ್ಯವಾದದ್ದು ಬೆಳದಿಂಗಳಲ್ಲ. ಕರೆದವರೂ ನಾವೇ, ಬಂದವರೂ ನಾವೇ, ಹಾಡಿದವರೂ ನಾವೇ ಎಂಬುದು.

ಲಿಂಗದಹಳ್ಳಿಗೆ ಬೆಟ್ಟ ಸಾಲದೇ? ಹುಣ್ಣಿಮೆ ಅಲ್ಲಿಗೂ ಬರುತ್ತದೆ. ತಂಡ ಕಟ್ಟುವ ಹುಡುಗ ಹುಡುಗಿಯರು ತಮಟೆ ಕಾಯಿಸುವ ಮುಂಚೆ ಮೂರು ಪ್ರಶ್ನೆ ಕೇಳಿಕೊಳ್ಳಲಿ. ನಮ್ಮನ್ನು ಕರೆದವರು ಯಾರು? ಬರುವುದಿಲ್ಲ ಎಂದಿದ್ದರೆ ಏನಾಗುತ್ತಿತ್ತು? ಹಾಡು ಮುಗಿದ ಮೇಲೆ ಕರೆದವರ ಜೊತೆ ಒಂದೇ ಸಾಲಿನಲ್ಲಿ ಕೂತು ಉಣ್ಣುತ್ತೇವೋ? ಮೂರಕ್ಕೂ ನೆಟ್ಟಗೆ ಉತ್ತರ ಸಿಕ್ಕರೆ ಬಡಿಯಲಿ, ಊರೆಲ್ಲ ಕೇಳುವ ಹಾಗೆ ಬಡಿಯಲಿ. ಸಿಗದಿದ್ದರೆ ತಮಟೆಯನ್ನು ಗೋಡೆಗೆ ತೂಗುಹಾಕಿ ಸುಮ್ಮನೆ ಕೂರಲಿ. ಆ ಮೌನವೂ ಊರಿಗೆ ಕೇಳಿಸುತ್ತದೆ.

ಮೇಷ್ಟ್ರೇ, ಹಾಡಿನಿಂದ ಹೊಟ್ಟೆ ತುಂಬುವುದಿಲ್ಲ, ಒಪ್ಪಿದೆ. ಆದರೆ ಅಡಿಕೆ ಕೊಯ್ಲಿಗೆ ಹೋದ ಆ ಹುಡುಗ ವಾಪಸು ಶಾಲೆಗೆ ಬಂದಾಗ "ಎಲ್ಲಿ ಹೋಗಿದ್ದೆಯೋ?" ಎಂದು ಗದರುವ ಬದಲು ಅವನ ಅಪ್ಪನಿಗೆ ಗೊತ್ತಿರುವ ಒಂದು ಪದ ಹೇಳಿಸಿ ನೋಡಿ. ಪಠ್ಯಪುಸ್ತಕದಲ್ಲಿ ಇಲ್ಲದ್ದು ತನ್ನ ಮನೆಯಲ್ಲಿದೆ ಎಂದು ತಿಳಿದ ಹುಡುಗ ನಾಳೆಯೂ ಬರುತ್ತಾನೆ. ಆ ಪದವನ್ನು ನಿಮ್ಮ ಕೈಬರಹದಲ್ಲೇ ಒಂದು ನೋಟುಬುಕ್ಕಿನಲ್ಲಿ ಬರೆದಿಡಿ. ಚಳವಳಿಯ ಮುಂದಿನ ಹಾಡು ಅಲ್ಲಿಂದ ಹುಟ್ಟಬೇಕು. ನಮ್ಮ ಮುಂದಿನ ವಿಮರ್ಶೆಯೂ ಆ ನೋಟುಬುಕ್ಕಿನಿಂದಲೇ ಶುರುವಾಗಬೇಕು.