ಯಾರೂ ಕೇಳದ ತಪಾಸಣೆ

ಅಣ್ವಸ್ತ್ರ ಪ್ರಸರಣ ತಡೆ ಒಪ್ಪಂದವನ್ನು ತೆಗಳುವವರು ಹೊಗಳುವುದಕ್ಕೆಂದು ಇನ್ನೊಂದನ್ನು ಕೈಯಲ್ಲಿ ಇಟ್ಟುಕೊಂಡೇ ಇರುತ್ತಾರೆ. ಅದು 1993ರ ಜನವರಿಯಲ್ಲಿ ಪ್ಯಾರಿಸ್‌ನಲ್ಲಿ ಸಹಿಗೆ ತೆರೆದ, 1997ರ ಏಪ್ರಿಲ್ 29ರಂದು ಜಾರಿಗೆ ಬಂದ ರಾಸಾಯನಿಕ ಅಸ್ತ್ರ ನಿಷೇಧ ಒಪ್ಪಂದ. ಮೊದಲನೆಯದು ಐದು ದೇಶಗಳ ಕೈಗೆ ಬಾಂಬು ಬಿಟ್ಟು ಉಳಿದವರ ಕೈ ಕಟ್ಟಿತು, ಎರಡನೆಯದು ಎಲ್ಲರನ್ನೂ ಒಂದೇ ಪಂಕ್ತಿಯಲ್ಲಿ ಕೂರಿಸಿತು ಎನ್ನುವುದು ವಾದ. ದೆಹಲಿಯ ಅಧಿಕೃತ ಹೇಳಿಕೆಗಳಲ್ಲಿ 'ತಾರತಮ್ಯವಿಲ್ಲದ ಒಪ್ಪಂದ' ಎಂಬ ಬಿರುದು ಅದರ ಹೆಸರಿಗೆ ಅಂಟಿಕೊಂಡೇ ಬರುತ್ತದೆ. ಈ ಹೊಗಳಿಕೆಯಲ್ಲಿ ಅರ್ಧಕ್ಕೆ ಅದು ನಿಜವಾಗಿ ಅರ್ಹ. ಉಳಿದ ಅರ್ಧ ನಿಂತಿರುವುದು ಅದರ ಒಂಬತ್ತನೇ ವಿಧಿಯ ಮೇಲೆ. ಆ ವಿಧಿಗೆ ಇಷ್ಟು ಕೀರ್ತಿಯನ್ನು ಹೊರುವ ಶಕ್ತಿಯಿಲ್ಲ.

ಅರ್ಹವಾದ ಅರ್ಧವನ್ನು ಮೊದಲು ಹೇಳಿಬಿಡುತ್ತೇನೆ. ಎಂಟು ದೇಶಗಳು ತಮ್ಮಲ್ಲಿದೆ ಎಂದು ಒಪ್ಪಿಕೊಂಡ 72,304 ಟನ್ ವಿಷ ಇಂದು ಇಲ್ಲ. 2007ರಲ್ಲಿ ಅಲ್ಬೇನಿಯಾ ಮೊದಲು ಮುಗಿಸಿತು. ಭಾರತ 1,044 ಟನ್ ಸಾಸಿವೆ ಅನಿಲವನ್ನು 2009ರ ಹೊತ್ತಿಗೆ ನಾಶಮಾಡಿತು. ಸುಮಾರು 40,000 ಟನ್ ಇಟ್ಟುಕೊಂಡಿದ್ದ ರಷ್ಯಾ 2017ರಲ್ಲಿ ಮುಗಿಸಿತು. ಸಾರಿನ್ ಎಂಬ ನರವಿಷ ತುಂಬಿದ್ದ ಕೊನೆಯ ಎಂ55 ರಾಕೆಟ್ 2023ರ ಜುಲೈ 7ರಂದು ಅಮೆರಿಕದ ಕೆಂಟಕಿಯ ಬ್ಲೂ ಗ್ರಾಸ್ ಡಿಪೋದಲ್ಲಿ ನಾಶವಾಯಿತು. ಇದೆಲ್ಲ ಈ ಒಪ್ಪಂದದ ಜಾರಿಯನ್ನು ನೋಡಿಕೊಳ್ಳುವ, ಹೇಗ್‌ನಲ್ಲಿರುವ ಒಪಿಸಿಡಬ್ಲ್ಯು ಸಂಸ್ಥೆಯ ತಪಾಸಕರ ಕಣ್ಣೆದುರು ನಡೆಯಿತು. ನಿಶ್ಶಸ್ತ್ರೀಕರಣದ ಮಾತು ಕೊಡುವ ಅಣ್ವಸ್ತ್ರ ಒಪ್ಪಂದದ ಆರನೇ ವಿಧಿ ಐವತ್ತು ವರ್ಷಗಳಲ್ಲಿ ಇದರ ಹತ್ತಿರಕ್ಕೂ ಸುಳಿದಿಲ್ಲ.

ಆದರೆ ನಾಶವಾದದ್ದು ಹೇಳಿಕೊಂಡ ವಿಷ. ಹೇಳಿಕೊಳ್ಳದ ವಿಷವನ್ನು ಹುಡುಕುವುದಕ್ಕೆಂದೇ ಒಂಬತ್ತನೇ ವಿಧಿ ಇದೆ, ಅದರಲ್ಲಿ 'ಸವಾಲಿನ ತಪಾಸಣೆ' ಇದೆ. ಯಾವ ಸದಸ್ಯ ದೇಶ ಬೇಕಾದರೂ ಇನ್ನೊಂದು ಸದಸ್ಯ ದೇಶದ ಯಾವ ಜಾಗವನ್ನಾದರೂ ತೋರಿಸಿ 'ಅಲ್ಲಿ ನೋಡಬೇಕು' ಎಂದು ಕೇಳಬಹುದು, ಕೇಳಿಸಿಕೊಂಡವರಿಗೆ ಇಲ್ಲವೆನ್ನುವ ಹಕ್ಕಿಲ್ಲ. ನಿಶ್ಶಸ್ತ್ರೀಕರಣದ ಬಗ್ಗೆ ಬರೆದವರಲ್ಲಿ ಇದನ್ನು ಕ್ರಾಂತಿಕಾರಿ ಎನ್ನದವರು ವಿರಳ. ಒಪ್ಪಂದ ಜಾರಿಗೆ ಬಂದ ದಿನದಿಂದ ಇಂದಿನವರೆಗೆ ಇದನ್ನು ಒಂದು ಸಲವೂ ಯಾರೂ ಬಳಸಿಲ್ಲ ಎಂಬುದೂ ಅವರಿಗೆ ಗೊತ್ತಿದೆ, ಅದನ್ನು ಒಂದು ಸಾಲಿನಲ್ಲಿ ಹೇಳಿ ಮುಂದೆ ಸಾಗುತ್ತಾರೆ. ನಾನು ಆ ಸಾಲಿನಲ್ಲೇ ನಿಲ್ಲಬೇಕೆಂದಿದ್ದೇನೆ.

ಒಪ್ಪಂದದ ಮುಖ್ಯ ಪಠ್ಯ ಓದಿದವರಿಗೆ ಈ ವಿಧಿ ಗಟ್ಟಿಯಾಗಿಯೇ ಕಾಣುತ್ತದೆ. ಪರಿಶೀಲನಾ ಅನುಬಂಧದ ಹತ್ತನೇ ಭಾಗವನ್ನು ಗಡಿಯಾರ ಇಟ್ಟುಕೊಂಡು ಓದಬೇಕು. ಸಂಸ್ಥೆಯ ಮುಖ್ಯಸ್ಥರು ಕೋರಿಕೆಯನ್ನು ಆ ದೇಶಕ್ಕೆ ತಲುಪಿಸಿದ ಮೇಲೆ ತಂಡ ಅಲ್ಲಿ ಇಳಿಯುವುದಕ್ಕೆ ಕನಿಷ್ಠ 12 ಗಂಟೆ ಬಿಡಬೇಕು. ಇಳಿದ ಮೇಲೆ ಯಾವ ಗಡಿಯೊಳಗೆ ನೋಡಬೇಕೆಂಬ ಮಾತುಕತೆ ಶುರುವಾಗುತ್ತದೆ. ತಂಡವನ್ನು ಗಡಿಯವರೆಗೆ ಕರೆದೊಯ್ಯಲು 36 ಗಂಟೆ. ಗಡಿಯ ಒಳಗೆ ಬಿಡಲು, ಇಳಿದ ಹೊತ್ತಿನಿಂದ 108 ಗಂಟೆಯವರೆಗೆ ಅವಕಾಶವಿದೆ. ಹನ್ನೆರಡನ್ನೂ ಕೂಡಿಸಿದರೆ 120, ಅಂದರೆ ಪೂರಾ ಐದು ದಿನ. 'ಯಾವಾಗ ಬೇಕಾದರೂ' ಎಂಬ ಘೋಷಣೆ ಕಾಗದದ ಮೇಲೆ ಐದು ದಿನದ ನೋಟಿಸಾಗಿ ಇಳಿದಿದೆ.

ಈ ಐದು ದಿನಗಳಲ್ಲಿ ಡಬ್ಬಿಗಳು ಬೇರೆಡೆಗೆ ಹೋಗದಂತೆ ಅನುಬಂಧ ಒಂದು ಕಾವಲನ್ನೂ ಇಟ್ಟಿದೆ. ತಂಡ ಇಳಿದ 12 ಗಂಟೆಯೊಳಗೆ ಆ ಜಾಗದಿಂದ ಹೊರಹೋಗುವ ವಾಹನಗಳ ಲೆಕ್ಕ ಶುರುವಾಗಬೇಕು. ಮೊದಲಿನ 12 ಗಂಟೆಯನ್ನೂ ಸೇರಿಸಿದರೆ, ಕೋರಿಕೆ ಕೈಸೇರಿದ ಮೇಲೆ ಒಂದು ಹಗಲು ಒಂದು ರಾತ್ರಿ ಯಾವ ಲೆಕ್ಕವನ್ನೂ ಇಡಬೇಕಿಲ್ಲ. ಲೆಕ್ಕ ಶುರುಮಾಡುವವರಾದರೂ ಯಾರು? ಸಂಶಯಕ್ಕೆ ಒಳಗಾದ ದೇಶವೇ. ತಂಡ ಬಂದ ಮೇಲೂ ಒಳಬರುವ ವಾಹನಗಳನ್ನು, ಹೊರಹೋಗುವ ಜನರನ್ನು, ಅವರ ಖಾಸಗಿ ಕಾರುಗಳನ್ನು ತಪಾಸಿಸುವಂತಿಲ್ಲ ಎಂದು ಅನುಬಂಧ ಸ್ಪಷ್ಟವಾಗಿ ಬರೆದಿದೆ. ನರಮಂಡಲವನ್ನೇ ಸ್ತಬ್ಧಗೊಳಿಸುವ ವಿಷ ಎಷ್ಟು ಚಿಕ್ಕ ಸೀಸೆಯಲ್ಲಿ ಹಿಡಿಸುತ್ತದೆ ಎಂದು ಬಲ್ಲ ಯಾರೂ ಈ ವಾಕ್ಯವನ್ನು ಸುಮ್ಮನೆ ಓದಿ ಮುಂದೆ ಹೋಗಲಾರರು.

ಒಳಗೆ ಕಾಲಿಟ್ಟ ಮೇಲೆ 'ನಿಯಂತ್ರಿತ ಪ್ರವೇಶ' ಎಂಬ ಅಧ್ಯಾಯ. ಕಚೇರಿಯ ಸೂಕ್ಷ್ಮ ಕಾಗದಗಳನ್ನು ತೆಗೆದಿಡಬಹುದು, ಯಂತ್ರಗಳಿಗೆ ಮುಸುಕು ಹಾಕಬಹುದು, ಕಂಪ್ಯೂಟರ್ ಆರಿಸಬಹುದು. ಮಾದರಿಯ ಪರೀಕ್ಷೆಯನ್ನು ಪಟ್ಟಿಯಲ್ಲಿರುವ ರಾಸಾಯನಿಕ ಇದೆಯೋ ಇಲ್ಲವೋ ಎಂಬಷ್ಟಕ್ಕೇ ಸೀಮಿತಗೊಳಿಸಬಹುದು. ಒಟ್ಟು ತಪಾಸಣೆ 84 ಗಂಟೆ ಮೀರುವಂತಿಲ್ಲ, ಇಬ್ಬರೂ ಒಪ್ಪಿದರೆ ಮಾತ್ರ ಹೆಚ್ಚು. ಇವೆಲ್ಲ ದುರುದ್ದೇಶದಿಂದ ಹುಟ್ಟಿದ ನಿಯಮಗಳು ಎಂದು ನಾನು ಹೇಳುತ್ತಿಲ್ಲ. ಔಷಧ ಕಂಪನಿಗಳ ವ್ಯಾಪಾರ ಗುಟ್ಟು, ಸೇನೆಯ ಬೇರೆ ರಹಸ್ಯ, ಎರಡಕ್ಕೂ ರಕ್ಷಣೆ ಬೇಕಿತ್ತು. ಐದು ದಿನವಾದರೂ ಮಣ್ಣು ಸುಳ್ಳು ಹೇಳುವುದಿಲ್ಲ ಎಂಬ ಸಮಾಧಾನವೂ ಇದೆ. ಇರಾಕಿ ಕುರ್ದಿಸ್ತಾನದ ಬಿರ್ಜಿನ್ನಿ ಎಂಬ ಹಳ್ಳಿಯ ಮೇಲೆ 1988ರಲ್ಲಿ ಬಿದ್ದ ಸಾರಿನ್‌ನ ಅವಶೇಷಗಳು 1992ರಲ್ಲಿ ತೆಗೆದ ಮಣ್ಣಿನಲ್ಲೂ ಸಿಕ್ಕವು. ಆದರೆ ಅದು ಬಾಂಬು ಬಿದ್ದು ಜನ ಸತ್ತ ನೆಲ. ಮುಚ್ಚಿದ ಟ್ಯಾಂಕಿನಲ್ಲಿ ಕಾದಿಟ್ಟ ವಿಷ ಮಣ್ಣಿಗೆ ಇಳಿಯಬೇಕೆಂದೇನೂ ಇಲ್ಲ.

ವಿಧಿಯನ್ನು ಹೀಗೆ ಸವೆಸಿದವರು ಯಾರು ಎಂಬುದನ್ನು ಹೊಗಳುವವರು ಮರೆಯುತ್ತಾರೆ. 1984ರ ಏಪ್ರಿಲ್‌ನಲ್ಲಿ ಜಿನೀವಾಕ್ಕೆ ಬಂದು 'ಯಾವಾಗ ಬೇಕಾದರೂ, ಎಲ್ಲಿ ಬೇಕಾದರೂ' ತಪಾಸಣೆಯ ಕರಡನ್ನು ಮಂಡಿಸಿದವರು ಆಗ ಅಮೆರಿಕದ ಉಪಾಧ್ಯಕ್ಷರಾಗಿದ್ದ ಜಾರ್ಜ್ ಬುಷ್. ಸೋವಿಯತ್ ಒಕ್ಕೂಟ ಎಂದಿಗೂ ಒಪ್ಪುವುದಿಲ್ಲ ಎಂದು ಎಲ್ಲರೂ ನಂಬಿದ್ದರು. 1987ರ ಆಗಸ್ಟ್‌ನಲ್ಲಿ ಸೋವಿಯತ್ ವಿದೇಶಾಂಗ ಸಚಿವ ಶೆವರ್ಡ್‌ನಾಡ್ಜೆ ಅದೇ ಜಿನೀವಾದಲ್ಲಿ ಒಪ್ಪಿಬಿಟ್ಟರು. ಆಗ ಹಿಂದೆ ಸರಿಯತೊಡಗಿದ್ದು ಕರಡು ತಂದವರೇ. 1991ರಲ್ಲಿ ಅಮೆರಿಕ, ಬ್ರಿಟನ್, ಆಸ್ಟ್ರೇಲಿಯಾ, ಜಪಾನ್ ಸೇರಿ ಮೊದಲಿನ ಬಿಗಿಯನ್ನು ಸಡಿಲಿಸಿದ ಹೊಸ ಪ್ರಸ್ತಾವ ಮಂಡಿಸಿದವು. ಅಮೆರಿಕದ ಸಂಸತ್ತು ಅಷ್ಟಕ್ಕೂ ತೃಪ್ತಿಪಡಲಿಲ್ಲ. ದೇಶದ ಭದ್ರತೆಗೆ ಧಕ್ಕೆ ಎನಿಸಿದರೆ ಯಾವ ತಪಾಸಣೆಯನ್ನಾದರೂ ಅಧ್ಯಕ್ಷರು ನಿರಾಕರಿಸಬಹುದೆಂದು 1998ರಲ್ಲಿ ತನ್ನದೇ ಕಾನೂನು ಮಾಡಿಕೊಂಡಿತು. ನಿರಾಕರಣೆಯ ಹಕ್ಕಿಲ್ಲ ಎಂಬ ವಿಧಿಯನ್ನು ಮೊದಲು ಬರೆದ ದೇಶವೇ ಆ ಹಕ್ಕನ್ನು ತನ್ನ ಮನೆಯೊಳಗೆ ಇಟ್ಟುಕೊಂಡಿತು. ತಾರತಮ್ಯ ಇಲ್ಲ ಎನ್ನುವವರು ಇದಕ್ಕೆ ಏನೆನ್ನುತ್ತಾರೆ?

ಸಾಮಾನ್ಯವಾಗಿ ಬರುವ ಉತ್ತರ ಒಂದೇ: ಬಳಸದಿದ್ದರೇನು, ಬಳಸಬಹುದು ಎಂಬ ಭಯವೇ ಸಾಕು. ಈ ವಾದವನ್ನು ಬಹಳ ಓದಿದವರೂ ಮುಂದಿಡುತ್ತಾರೆ. ನನಗೆ ಇದು ಒಪ್ಪಿಗೆಯಿಲ್ಲ. ಭಯ ಹುಟ್ಟಬೇಕಾದರೆ ಬಳಸುವವರು ಇದ್ದಾರೆಂದು ಎದುರಾಳಿ ನಂಬಬೇಕು. 2018ರ ಮಾರ್ಚ್‌ನಲ್ಲಿ ಬ್ರಿಟನ್ನಿನ ಸಾಲ್ಸ್‌ಬರಿಯಲ್ಲಿ ನೊವಿಚೋಕ್ ಎಂಬ ನರವಿಷ ಬಳಕೆಯಾದಾಗ ಬ್ರಿಟನ್ ನೇರವಾಗಿ ರಷ್ಯಾದ ಹೆಸರು ಹೇಳಿತು. ಆದರೆ ರಷ್ಯಾದ ಯಾವ ಪ್ರಯೋಗಾಲಯಕ್ಕೂ ಸವಾಲಿನ ತಪಾಸಣೆ ಕೇಳಲಿಲ್ಲ. ಎಂಟನೇ ವಿಧಿಯ ಕೆಳಗೆ ತಾಂತ್ರಿಕ ನೆರವು ಬೇಡಿ, ತನ್ನದೇ ನೆಲದ ಮಾದರಿಗಳನ್ನು ಪರೀಕ್ಷಿಸಲು ತಪಾಸಕರನ್ನು ಕರೆಸಿಕೊಂಡಿತು. ಅಷ್ಟು ದೊಡ್ಡ ಆರೋಪದ ಹೊತ್ತಿನಲ್ಲೇ ಹೊರಗೆ ಬಾರದ ಅಸ್ತ್ರ ಇನ್ನಾವಾಗ ಬರಬೇಕು?

ನನ್ನ ತೀರ್ಮಾನ ಇಷ್ಟು: ಈ ವಿಧಿ ಸೋತದ್ದು ದೇಶಗಳ ಹೇಡಿತನದಿಂದ ಮಾತ್ರವಲ್ಲ, ಅದನ್ನು ಕಟ್ಟಿದ ರೀತಿಯಿಂದಲೂ. ಕೋರಿಕೆ ಸಲ್ಲಿಸುವವರು ಒಪ್ಪಂದ ಮುರಿದಿರಬಹುದು ಎಂಬ ಸಂಶಯವನ್ನು ಬರೆದೇ ಕೊಡಬೇಕು. ಕೇಳುವುದೇ ಆರೋಪವಾಗುತ್ತದೆ. ಏನೂ ಸಿಗದಿದ್ದರೆ ಕೇಳಿದವರ ಮಾನ ಹೋಗುತ್ತದೆ. ಕಾರ್ಯಕಾರಿ ಮಂಡಳಿಯ ಮುಕ್ಕಾಲು ಪಾಲು ಸದಸ್ಯರು 12 ಗಂಟೆಯೊಳಗೆ 'ಇದು ಕ್ಷುಲ್ಲಕ' ಎಂದರೆ ಕೋರಿಕೆ ಅಲ್ಲಿಗೇ ನಿಲ್ಲುತ್ತದೆ.

ಇದಕ್ಕೆ ಬೇರೆ ದಾರಿ ಇತ್ತು, ಒಪ್ಪಂದ ಬರೆಯುವಾಗ ಕಣ್ಣೆದುರಿಗೇ ಇತ್ತು. 1986ರ ಸ್ಟಾಕ್‌ಹೋಮ್ ದಸ್ತಾವೇಜು ಯುರೋಪಿನ ಸೇನಾ ಚಟುವಟಿಕೆಗಳಿಗೆ ನಿರಾಕರಿಸಲಾಗದ ತಪಾಸಣೆ ತಂದಿತು. ಜೊತೆಗೆ ಒಂದು ದೇಶ ವರ್ಷಕ್ಕೆ ಮೂರಕ್ಕಿಂತ ಹೆಚ್ಚು ತಪಾಸಣೆಗೆ ಒಳಗಾಗಬೇಕಿಲ್ಲ ಎಂದು ಮಿತಿಯನ್ನೂ ಹಾಕಿತು. 1987ರ ಆಗಸ್ಟ್‌ನಲ್ಲಿ ಅಮೆರಿಕದ ಅಧಿಕಾರಿಗಳು ಮಿನ್ಸ್ಕ್ ಬಳಿಯ ಸೋವಿಯತ್ ಸೇನಾ ತಾಲೀಮನ್ನು ಹೋಗಿ ನೋಡಿದರು. ನಂತರ ಎರಡೂ ಬಣಗಳು ಪರಸ್ಪರ ತಪಾಸಣೆ ನಡೆಸುತ್ತ ಬಂದವು. ಪಾಲಿಗೆ ಬಂದ ಸಂಖ್ಯೆಯನ್ನು ಬಳಸಿಕೊಳ್ಳುವುದು ಯಾರನ್ನೂ ಕಳ್ಳನೆಂದು ಕರೆದ ಹಾಗಲ್ಲ. ನಮ್ಮದೇ ಉಪಖಂಡದ ಉದಾಹರಣೆ ಬೇಕೆಂದರೆ, ಭಾರತ ಮತ್ತು ಪಾಕಿಸ್ತಾನ 1992ರಿಂದ ಪ್ರತಿ ಜನವರಿ 1ರಂದು ಪರಮಾಣು ಸ್ಥಾವರಗಳ ಪಟ್ಟಿಯನ್ನು ವಿನಿಮಯ ಮಾಡಿಕೊಳ್ಳುತ್ತಿವೆ. ಕಾರ್ಗಿಲ್ ಆಯಿತು, ಮುಂಬೈ ದಾಳಿ ಆಯಿತು, ಪುಲ್ವಾಮಾ ಆಯಿತು, ಈ ಕ್ರಮ ನಿಲ್ಲಲಿಲ್ಲ. ಅದು ಕೋಪಕ್ಕಲ್ಲ, ಪಂಚಾಂಗಕ್ಕೆ ಕಟ್ಟಿಕೊಂಡ ನಿಯಮ. ಆರೋಪಕ್ಕೆ ಕಟ್ಟಿದ ಒಂಬತ್ತನೇ ವಿಧಿ ಮಾತ್ರ ಹುಟ್ಟಿದ ದಿನವೇ ಕೈಕಾಲು ಕಳೆದುಕೊಂಡಿತು.

ಇಲ್ಲಿ ನನ್ನ ಜಗಳ ನಮ್ಮ ದೇಶದ ವಿಮರ್ಶಕರ ಜೊತೆಗೂ ಇದೆ. 1998ರ ಪೋಖ್ರಾಣ್ ಪರೀಕ್ಷೆಗಳ ನಂತರ ಬಿಜೆಪಿ ನಾಯಕ ಜಸ್ವಂತ್ ಸಿಂಗ್ ಅಮೆರಿಕದ ಪತ್ರಿಕೆಯೊಂದರಲ್ಲಿ 'ಪರಮಾಣು ವರ್ಣಭೇದ'ದ ವಿರುದ್ಧ ಬರೆದ ಲೇಖನ ನಮ್ಮವರಿಗೆ ಒಂದು ನಿಲುವನ್ನೇ ಕೊಟ್ಟಿತು. ಅದರ ಸಿಟ್ಟು ನ್ಯಾಯವಾದದ್ದು. ಆದರೆ ಆ ಸಿಟ್ಟನ್ನು ಸಾಬೀತುಮಾಡಲು ರಾಸಾಯನಿಕ ಒಪ್ಪಂದವನ್ನು ಸಮಾನತೆಯ ಮಾದರಿಯಾಗಿ ಎತ್ತಿಹಿಡಿದವರು ಅದರೊಳಗೆ ಸಮಾನತೆ ಹೇಗೆ ನಡೆಯುತ್ತದೆ ಎಂದು ನೋಡಲಿಲ್ಲ. ಒಪಿಸಿಡಬ್ಲ್ಯುವಿನ ಮೊದಲ ಮುಖ್ಯಸ್ಥ, ಬ್ರೆಜಿಲ್‌ನ ಜೋಸೆ ಬುಸ್ತಾನಿ ಇರಾಕನ್ನು ಒಪ್ಪಂದದೊಳಗೆ ತರಲು ಯತ್ನಿಸುತ್ತಿದ್ದರು. 2002ರಲ್ಲಿ ಅಮೆರಿಕ ಒತ್ತಡ ಹೇರಿ ಅವರನ್ನು ಹೊರಹಾಕಿಸಿತು. ಆ ವಜಾ ಕಾನೂನುಬಾಹಿರ ಎಂದು ಅಂತರರಾಷ್ಟ್ರೀಯ ಕಾರ್ಮಿಕ ಸಂಘಟನೆಯ ನ್ಯಾಯಮಂಡಳಿ ಮರುವರ್ಷ ತೀರ್ಪು ಕೊಟ್ಟಿತು. ಹೋದ ಕುರ್ಚಿ ಮಾತ್ರ ಅವರಿಗೆ ಮರಳಲಿಲ್ಲ.

ನಮ್ಮ ನಡೆಯೂ ನಿಷ್ಕಳಂಕವಲ್ಲ. 1992ರ ಆಗಸ್ಟ್‌ನಲ್ಲಿ ಭಾರತ ಮತ್ತು ಪಾಕಿಸ್ತಾನ ಸೇರಿ ನಮ್ಮಲ್ಲಿ ರಾಸಾಯನಿಕ ಅಸ್ತ್ರ ಇಲ್ಲ ಎಂದು ಜಂಟಿಯಾಗಿ ಘೋಷಿಸಿದವು. 1997ರಲ್ಲಿ ಭಾರತ ಇದೆ ಎಂದು ಒಪ್ಪಿಕೊಂಡಿತು. ಒಪ್ಪಿಕೊಂಡದ್ದನ್ನು ಮೆಚ್ಚಬೇಕು, ಮೊದಲಿನ ಮಾತನ್ನು ಮರೆಯುವಂತಿಲ್ಲ. ರಾಸಾಯನಿಕ ದಾಳಿ ಮಾಡಿದವರು ಯಾರೆಂದು ಹೆಸರಿಸುವ ಅಧಿಕಾರ ಸಂಸ್ಥೆಗೆ ಬೇಕು ಎಂಬ ನಿರ್ಣಯ 2018ರ ಜೂನ್‌ನಲ್ಲಿ ಹೇಗ್‌ನ ಮುಂದೆ ಬಂದಾಗ 82 ದೇಶಗಳು ಪರವಾಗಿ ಮತ ಹಾಕಿದವು. ವಿರುದ್ಧ ಬಿದ್ದ 24 ಮತಗಳಲ್ಲಿ ಭಾರತದ್ದೂ ಒಂದು. ಅಪರಾಧಿಯ ಹೆಸರು ಹೇಳಬಾರದು ಎಂಬ ಕಡೆ ನಿಂತವರು ಮಾದರಿ ಒಪ್ಪಂದದ ವಕೀಲರಾಗುವುದು ಕಷ್ಟ.

ಈ ವಿಧಿ ಸತ್ತದ್ದರ ಬೆಲೆ ತೆತ್ತದ್ದು ಸಿರಿಯಾ. 2013ರ ಆಗಸ್ಟ್‌ನಲ್ಲಿ ಘೂಟಾದಲ್ಲಿ ಸಾರಿನ್ ಬಿದ್ದ ಮೇಲೆ ಅಸ್ಸಾದ್ ಸರ್ಕಾರ ಒಪ್ಪಂದಕ್ಕೆ ಸೇರಿತು, ಸುಮಾರು 1,300 ಟನ್ ಒಪ್ಪಿಸಿತು, ಒಪಿಸಿಡಬ್ಲ್ಯುಗೆ ಆ ವರ್ಷವೇ ನೊಬೆಲ್ ಶಾಂತಿ ಪ್ರಶಸ್ತಿ ಬಂತು. 2017ರ ಏಪ್ರಿಲ್‌ನಲ್ಲಿ ಖಾನ್ ಶೇಖೂನ್‌ನ ಮಕ್ಕಳು ಮತ್ತೆ ಸಾರಿನ್‌ನಿಂದ ಸತ್ತರು. ಒಪ್ಪಿಸಿದ ಪಟ್ಟಿ ಅಪೂರ್ಣವೆಂದು ತಪಾಸಕರು ವರ್ಷಗಟ್ಟಲೆ ಬರೆದರೂ ಯಾವ ಸದಸ್ಯ ದೇಶವೂ ಸವಾಲಿನ ತಪಾಸಣೆ ಕೇಳಲಿಲ್ಲ. 2024ರ ಡಿಸೆಂಬರ್‌ನಲ್ಲಿ ಅಸ್ಸಾದ್ ಓಡಿಹೋದ ಮೇಲೆ, ನೋಡಬೇಕಾದ ಶಂಕಿತ ಜಾಗಗಳು ನೂರಕ್ಕೂ ಹೆಚ್ಚಿವೆ ಎಂದು ಸಂಸ್ಥೆ ಹೇಳಿತು.

ಹೇಗ್‌ನಲ್ಲಿ ಕೂತ ನಮ್ಮ ಪ್ರತಿನಿಧಿಗಳು ಒಂದು ಕೆಲಸ ಮಾಡಬಹುದು. ಸದಸ್ಯ ದೇಶವೊಂದಕ್ಕೆ ವರ್ಷಕ್ಕೆ ಇಷ್ಟು ಎಂದು ಗೊತ್ತುಮಾಡಿದ, ಕಾರಣ ಕೊಡಬೇಕಿಲ್ಲದ ತಪಾಸಣೆಯ ಪ್ರಸ್ತಾವವನ್ನು ಭಾರತವೇ ಮಂಡಿಸಲಿ, ಮೊದಲ ತಂಡವನ್ನು ತನ್ನ ನೆಲಕ್ಕೇ ಕರೆಯಲಿ.