ಆಟಿಯಲ್ಲಿ ದೋಣಿ ನಿಲ್ಲುವುದೆಲ್ಲಿ?

ಉಡುಪಿ ಕರಾವಳಿಗೆ ಮರೀನಾ ಬೇಕು ಎಂಬ ಮಾತು ಈಚಿನ ವರ್ಷಗಳಲ್ಲಿ ಜೋರಾಗಿದೆ. ಬೈಂದೂರಿನಲ್ಲಿ ಅದನ್ನು ಕಟ್ಟುವುದಾಗಿ ಸರ್ಕಾರದ ಕಡೆಯಿಂದಲೇ ಮಾತು ಬಂದಿದೆ. ಮರೀನಾ ಎಂದರೆ ಮೀನು ಇಳಿಸುವ ದಕ್ಕೆಯಲ್ಲ. ವಿಹಾರದ ದೋಣಿಗಳು ದಿನದ ಲೆಕ್ಕಕ್ಕೋ ವರ್ಷದ ಲೆಕ್ಕಕ್ಕೋ ಬಾಡಿಗೆ ಕೊಟ್ಟು ನಿಲ್ಲುವ ಜಾಗ ಅದು. ನೀರು, ಕರೆಂಟು, ಡೀಸೆಲ್, ರಿಪೇರಿ ಎಲ್ಲವೂ ಅಲ್ಲೇ ಸಿಗಬೇಕು. ಹಾಯಿ ಮತ್ತೆ ನಮ್ಮ ಕಡಲಿಗೆ ಬರಲಿ ಎಂದು ಮನಸಾರೆ ಬಯಸುವವರಲ್ಲಿ ನಾನೂ ಒಬ್ಬ. ಆದರೆ ಈ ಕನಸಿನ ಮಾದರಿ ಮೆಡಿಟರೇನಿಯನ್ ಕಡಲಿನದು. ಅಲ್ಲಿನ ನೀಲಿ ನೀರು, ಬಿಳಿ ಹಾಯಿಗಳ ಚಿತ್ರ ನಮಗೆ ಬಂದು ತಲುಪಿದೆ, ಅದರ ಹಿಂದಿನ ಖರ್ಚಿನ ಲೆಕ್ಕ ಬಂದಿಲ್ಲ.

ಆ ಲೆಕ್ಕದಲ್ಲಿ ದೋಣಿಯ ಬೆಲೆ ಮೊದಲ ಸಾಲು ಮಾತ್ರ. ವರ್ಷಕ್ಕೆ ದೋಣಿಯ ಬೆಲೆಯ ಹತ್ತನೇ ಒಂದು ಪಾಲು ಅದರ ಪಾಲನೆಗೇ ಹೋಗುತ್ತದೆ ಎಂಬುದು ಹಾಯಿದೋಣಿಯವರ ನಡುವೆ ಹಳೆಯ ಅಂದಾಜು. 60,000 ಯೂರೋ ಕೊಟ್ಟು ಹಳೆಯ ದೋಣಿಯೊಂದನ್ನು ಕೊಂಡವರು ವರ್ಷಕ್ಕೆ 6,000 ಯೂರೋ ಬೇರೆ ತೆಗೆದಿಡಬೇಕು. ಹಾಯಿ ಹರಿಯುತ್ತದೆ, ಹಗ್ಗ ಸವೆಯುತ್ತದೆ. ಪಾಚಿ, ಚಿಪ್ಪು ಹತ್ತದಂತೆ ತಳಕ್ಕೆ ಆಗಾಗ ಬಣ್ಣ ಬಳಿಯಬೇಕು. ವಿಮಾಪತ್ರ ಇಲ್ಲದ ದೋಣಿಗೆ ಹೆಚ್ಚಿನ ಮರೀನಾಗಳಲ್ಲಿ ಜಾಗವಿಲ್ಲ. ನಿಲುಗಡೆಯ ಬಾಡಿಗೆ ದೋಣಿಯ ಉದ್ದದ ಮೇಲೆ ನಿಂತಿದೆ. ಎರಡು ಒಡಲಿನ ಕ್ಯಾಟಮರಾನ್ ಆದರೆ ಒಂದೂವರೆ ಪಟ್ಟೋ ಎರಡು ಪಟ್ಟೋ ಕೊಡಬೇಕು, ಜುಲೈ-ಆಗಸ್ಟ್‌ನಲ್ಲಿ ದರವೂ ಏರುತ್ತದೆ. ಆದ್ದರಿಂದ ಕೈ ಹಿಡಿದು ಖರ್ಚು ಮಾಡುವವರು ಮರೀನಾಕ್ಕೆ ಹೋಗುವುದೇ ಕಡಿಮೆ, ಕೊಲ್ಲಿಗಳಲ್ಲಿ ಲಂಗರು ಹಾಕಿ ರಾತ್ರಿ ಕಳೆಯುತ್ತಾರೆ. ಅದಕ್ಕೂ ಈಗ ಕಟ್ಟುಪಾಡು ಬಂದಿದೆ. ಸ್ಪೇನಿನ ಬಾಲಿಯಾರಿಕ್ ದ್ವೀಪಗಳಲ್ಲಿ ಪೊಸಿಡೋನಿಯಾ ಎಂಬ ಕಡಲಹುಲ್ಲಿನ ಮೇಲೆ ಲಂಗರು ಬಿಡುವುದನ್ನು 2018ರ ಆದೇಶ ತಡೆದಿದೆ. ಗ್ರೀಸ್ 2019ರಿಂದ ತನ್ನ ನೀರಿನಲ್ಲಿ ತಿರುಗುವ ವಿಹಾರದೋಣಿಗಳಿಗೆ ಉದ್ದದ ಲೆಕ್ಕದಲ್ಲೇ ತಿಂಗಳ ತೆರಿಗೆ ಹಾಕಿದೆ.

ಕಾಗದಪತ್ರದ ತೊಡಕು ಇನ್ನೂ ಒಂದು ಕೈ ಮೇಲು. ಯುರೋಪಿನ ಹೊರಗಿನವರು ಷೆಂಗೆನ್ ದೇಶಗಳಲ್ಲಿ 180 ದಿನಗಳಲ್ಲಿ 90 ದಿನ ಮಾತ್ರ ಇರಬಹುದು. ಹೊರಗಿನವರ ದೋಣಿಗಾದರೆ ತೆರಿಗೆ ಕಟ್ಟದೆ 18 ತಿಂಗಳು ನಿಲ್ಲುವ ಅವಕಾಶ! ದೋಣಿಗಿರುವ ವಾಯಿದೆ ಅದರ ಯಜಮಾನನಿಗಿಲ್ಲ. ಹೀಗಾಗಿ ಮೂರು ತಿಂಗಳು ಗ್ರೀಸ್, ಮುಂದಿನ ಮೂರು ತಿಂಗಳು ಟರ್ಕಿ ಎಂದು ಪಂಚಾಂಗ ನೋಡಿಕೊಂಡೇ ಹಾಯಿ ಬಿಚ್ಚಬೇಕು. ಮೊದಲು ಕ್ರೊಯೇಷಿಯಾಕ್ಕೆ ಹೋಗಿ ದಿನ ಕಳೆಯುತ್ತಿದ್ದವರಿಗೆ 2023ರ ಜನವರಿಯಿಂದ ಆ ದಾರಿಯೂ ಮುಚ್ಚಿದೆ, ಆ ದೇಶವೂ ಷೆಂಗೆನ್ ಸೇರಿತು. ಭಾರತದ ಪಾಸ್‌ಪೋರ್ಟ್ ಇರುವವರು ಇದಕ್ಕೆಲ್ಲ ಮೊದಲು ವೀಸಾ ಪಡೆಯಬೇಕು. ನಮ್ಮ ಕಡೆಯಿಂದ ದುಬೈಗೋ ಜರ್ಮನಿಗೋ ಹೋಗಿ ನೆಲೆಸಿದವರಲ್ಲಿ ಯಾರಿಗಾದರೂ ಈ ಆಸೆ ಹುಟ್ಟಿದ್ದರೆ ನನ್ನ ಸಲಹೆ ನೇರವಾಗಿದೆ: ದೋಣಿ ಕೊಳ್ಳಬೇಡಿ, ನಾವಿಕನ ಸಮೇತ ಒಂದು ವಾರಕ್ಕೆ ಬಾಡಿಗೆಗೆ ಹಿಡಿಯಿರಿ.

ಇಷ್ಟೆಲ್ಲ ಇದ್ದೂ ಅಲ್ಲಿ ಈ ರೂಢಿ ಉಳಿದುಕೊಂಡಿದೆ, ಏಕೆಂದರೆ ಆ ಕಡಲಿನ ಗುಣ ಅದಕ್ಕೆ ಒಗ್ಗಿದೆ. ಬಹುಪಾಲು ಕಡೆ ಅಲ್ಲಿ ಉಬ್ಬರ-ಇಳಿತ ಒಂದೆರಡು ಗೇಣು ಮಾತ್ರ. ದೋಣಿಯ ಹಿಂಬದಿಯನ್ನು ಕಲ್ಲುಕಟ್ಟೆಗೆ ಕಟ್ಟಿ ಹಲಗೆ ಹಾಕಿ ಇಳಿದರೆ ಆಯಿತು. ಬೇಸಿಗೆಯಲ್ಲಿ ಮಳೆಯಿಲ್ಲ. ಏಜಿಯನ್‌ನಲ್ಲಿ ಮೆಲ್ಟೆಮಿ ಗಾಳಿ, ಫ್ರಾನ್ಸಿನ ದಕ್ಷಿಣದಲ್ಲಿ ಮಿಸ್ಟ್ರಾಲ್ ಗಾಳಿ ಜೋರಾಗಿ ಬೀಸುತ್ತವೆ ನಿಜ, ಆದರೆ ಓಡಿ ಸೇರಲು ಹತ್ತಿರದಲ್ಲೇ ಒಂದು ಕೊಲ್ಲಿಯೋ ದ್ವೀಪದ ಮರೆಯೋ ಸಿಗುವುದುಂಟು. ಚಳಿಗಾಲಕ್ಕೆ ದೋಣಿಯನ್ನು ಎತ್ತಿ ದಡದ ಯಾರ್ಡಿನಲ್ಲಿ ನಿಲ್ಲಿಸಿ ಮನೆಗೆ ಹೋಗುತ್ತಾರೆ.

ನಮ್ಮ ಕಡಲನ್ನು ಇದರ ಪಕ್ಕಕ್ಕಿಟ್ಟು ನೋಡಿ. ಬೈಂದೂರಿನಿಂದ ಹೆಜಮಾಡಿಯವರೆಗೆ ಹೆಚ್ಚುಕಡಿಮೆ ನೇರವಾದ ಮರಳ ದಂಡೆ. ಮಲ್ಪೆಯ ದ್ವೀಪಗಳನ್ನು ಬಿಟ್ಟರೆ ಮರೆ ಎನ್ನುವುದು ಕಡಿಮೆ. ದೋಣಿ ಒಳಗೆ ಬರಬೇಕಾದರೆ ಅಳಿವೆಯೇ ದಾರಿ, ಅಳಿವೆಯ ಬಾಯಿಗೆ ಹೂಳು. ಗಂಗೊಳ್ಳಿ ಅಳಿವೆಯನ್ನು ದಾಟುವ ಕಷ್ಟ ಏನೆಂದು ಅಲ್ಲಿನ ತಾಂಡೇಲರನ್ನು ಕೇಳಬೇಕು. ಹನ್ನೆರಡು ಮೀಟರ್ ಉದ್ದದ ಹಾಯಿದೋಣಿಯ ಕೀಲು, ಅಂದರೆ ತಳದಿಂದ ಕೆಳಗೆ ಚಾಚಿದ ಭಾರದ ರೆಕ್ಕೆ, ನೀರಿನೊಳಗೆ ಎರಡು ಮೀಟರಿನಷ್ಟು ಇಳಿದಿರುತ್ತದೆ. ನಾಡದೋಣಿ ತೇಲಿ ದಾಟುವ ಮರಳದಿಬ್ಬಕ್ಕೆ ಅದು ಬಡಿದು ನಿಲ್ಲುತ್ತದೆ. ಇನ್ನು ಮಳೆಗಾಲ. ಜೂನ್ 1ರಿಂದ ಜುಲೈ 31ರವರೆಗೆ, 61 ದಿನ, ಯಾಂತ್ರೀಕೃತ ಮೀನುಗಾರಿಕೆಗೆ ನಿಷೇಧವಿದೆ. ಮೀನಿನ ಸಂತಾನಕ್ಕಾಗಿ ಮಾಡಿದ ಕಾನೂನು ಅದು, ಆದರೆ ಆ ದಿನಗಳ ಕಡಲನ್ನು ಒಮ್ಮೆ ಕಾಪು ದೀಪಸ್ತಂಭದ ಬಂಡೆಯ ಮೇಲೆ ನಿಂತು ನೋಡಿದವರಿಗೆ ಕಾನೂನು ಬೇಡ. ಮಳೆ ಸುರಿಯುವ ಆಟಿ ತಿಂಗಳಲ್ಲಿ ಮಲ್ಪೆಯ ಬಂದರು ಬೋಟಿಗೆ ಬೋಟು ತಾಗುವಷ್ಟು ತುಂಬಿರುತ್ತದೆ. ಇರುವ ಬೋಟುಗಳಿಗೇ ಜಾಗ ಸಾಲದು. ಮೆಡಿಟರೇನಿಯನ್‌ಗೆ ಓಡಾಟದ ಕಾಲವಾದ ಜೂನ್, ಜುಲೈ, ಆಗಸ್ಟ್ ನಮಗೆ ಕಡಲು ಮುಚ್ಚುವ ಕಾಲ.

ಈ ಪಂಚಾಂಗ ಇಂದಿನದಲ್ಲ. ಮೆಡಿಟರೇನಿಯನ್ ತೀರದ ಮಹದಿಯಾದಿಂದ ಬಂದ ಯಹೂದಿ ವ್ಯಾಪಾರಿ ಅಬ್ರಹಾಂ ಬೆನ್ ಯಿಜು 1132ರ ಸುಮಾರಿಗೆ ಮಂಗಳೂರು ಸೇರಿ, 1149ರವರೆಗೆ ಈ ಕಡೆ ಇದ್ದು, ಕಂಚಿನ ಕಾರ್ಖಾನೆ ನಡೆಸಿದ. ಮೆಣಸು, ಅಡಿಕೆ, ಕಬ್ಬಿಣವನ್ನು ಏಡನ್‌ಗೆ ಕಳುಹಿಸಿದ. ಕೈರೋದ ಯಹೂದಿ ಮಂದಿರದ ಹಳೆಯ ಕಾಗದಗಳ ಕೋಣೆಯಾದ ಗೆನಿಝಾದಲ್ಲಿ ಸಿಕ್ಕ ಅವನ ಕಾಗದಗಳು ಆ ವ್ಯವಹಾರವನ್ನು ನಮ್ಮ ಮುಂದಿಡುತ್ತವೆ. ಅವನ ಸರಕು ಹೊತ್ತ ಹಡಗುಗಳು ಹೊರಟದ್ದೂ ನಿಂತದ್ದೂ ಗಾಳಿಯ ಮಾತು ಕೇಳಿಯೇ. ಆ ತೀರದ ಮನುಷ್ಯ ಇಲ್ಲಿಗೆ ಬಂದು ಇಲ್ಲಿನ ಕಡಲಿಗೆ ತಕ್ಕಂತೆ ನಡೆದುಕೊಂಡ. ಈಗಿನ ಯೋಜನೆ ಅಲ್ಲಿನ ಪದ್ಧತಿಗೆ ಇಲ್ಲಿನ ಕಡಲನ್ನು ಒಗ್ಗಿಸಲು ಹೊರಟಿದೆ.

ಹಾಗೆ ಒಗ್ಗಿಸಬೇಕಾದರೆ ತಡೆಗೋಡೆ ಕಟ್ಟಬೇಕು, ವರ್ಷ ವರ್ಷ ಹೂಳೆತ್ತಬೇಕು. ತಡೆಗೋಡೆ ಮರಳಿನ ಓಟವನ್ನು ಒಂದು ಬದಿಯಲ್ಲಿ ಹಿಡಿದಿಟ್ಟರೆ ಇನ್ನೊಂದು ಬದಿಯ ದಂಡೆ ಸವೆಯುತ್ತದೆ. ಎರ್ಮಾಳು, ಉಚ್ಚಿಲ, ಪಡುಬಿದ್ರಿಯ ಜನಕ್ಕೆ ಕಡಲ್ಕೊರೆತ ಎಂದರೆ ಏನೆಂದು ಹೇಳಿಕೊಡಬೇಕಾಗಿಲ್ಲ. ಕೈರಂಪಣಿ ಬಲೆ ಎಳೆಯಲು ತಡೆಯಿಲ್ಲದ ಮರಳ ದಂಡೆ ಬೇಕು, ಗೋಡೆ ಎದ್ದಲ್ಲಿ ಅದು ನಿಲ್ಲುತ್ತದೆ. ಈ ನಷ್ಟಕ್ಕೆ ಮರೀನಾದ ಅಂದಾಜುಪಟ್ಟಿಯಲ್ಲಿ ಒಂದು ಸಾಲಾದರೂ ಇರಬೇಕು. 1,200 ಮೆಗಾವಾಟ್‌ನ ಕಲ್ಲಿದ್ದಲು ವಿದ್ಯುತ್ ಸ್ಥಾವರವನ್ನು ಪಕ್ಕದಲ್ಲಿಟ್ಟುಕೊಂಡಿರುವ ಎಲ್ಲೂರಿನವರಾದ ನಾವು ಯಾವುದೇ ದೊಡ್ಡ ಯೋಜನೆಯ ಮುಂದೆ ಮೊದಲು ಕೇಳುವುದು ಇದನ್ನೇ: ಲಾಭ ಯಾರಿಗೆ, ಬಾಳು ಬದಲಾಗುವುದು ಯಾರದು?

ಗಿರಾಕಿಗಳ ಮಾತಿಗೆ ಬಂದರೆ, 2025ರ ಸೆಪ್ಟೆಂಬರ್ 22ರಿಂದ ವಿಹಾರದ ಯಾಟ್‌ಗಳ ಮೇಲಿನ ಜಿಎಸ್‌ಟಿ ಶೇ. 28ರಿಂದ ಶೇ. 40ಕ್ಕೆ ಏರಿದೆ. 50 ಲಕ್ಷದ ದೋಣಿಗೆ 20 ಲಕ್ಷ ತೆರಿಗೆ. ಇಷ್ಟು ಕೊಟ್ಟು ಕೊಂಡು, ವರ್ಷಕ್ಕೆ ನಾಲ್ಕು ತಿಂಗಳು ಕಟ್ಟಿಹಾಕುವ ಮನೆಗಳು ನಮ್ಮ ರಾಜ್ಯದಲ್ಲಿ ಎಷ್ಟಿರಬಹುದು? ವಿದೇಶಿ ದೋಣಿಗಳು ಬರುತ್ತವೆ ಎನ್ನುವವರು ಕೊಚ್ಚಿಯ ಬೋಲ್ಗಟ್ಟಿಯಲ್ಲಿ ಆಗಲೇ ಇರುವ ಮರೀನಾದಲ್ಲಿ ಅಂಥವು ಎಷ್ಟು ನಿಂತಿವೆ ಎಂದು ನೋಡಿ ಬರಲಿ.

ಹಾಗಾದರೆ ಹಾಯಿ ಬೇಡವೇ? ಬೇಕು, ಖಂಡಿತ ಬೇಕು. ಕೈಕಸುಬು ನಮ್ಮಲ್ಲೇ ಇದೆ. ಮಲ್ಪೆಯ ಉಡುಪಿ ಕೊಚ್ಚಿನ್ ಶಿಪ್‌ಯಾರ್ಡ್ ನಾರ್ವೆಯ ಕಂಪನಿಗೆ ಸರಕು ಹಡಗು ಕಟ್ಟಿಕೊಡುತ್ತಿದೆ. ಗೋವಾದಲ್ಲಿ ಕಟ್ಟಿದ ‘ತಾರಿಣಿ’ಯಲ್ಲಿ ನೌಕಾಪಡೆಯ ಆರು ಮಹಿಳೆಯರು 2017–18ರಲ್ಲಿ ಭೂಮಿಯನ್ನೇ ಸುತ್ತಿ ಬಂದರು. ಮೂಲ್ಕಿಯಲ್ಲಿ ಎರಡು ದಶಕದ ಹಿಂದೆ ಚಿಕ್ಕದಾಗಿ ಶುರುವಾದ ಸರ್ಫಿಂಗ್‌ನಿಂದ ಕಡಲತಡಿಯ ಮಕ್ಕಳೇ ದೇಶದ ಮಟ್ಟದ ಆಟಗಾರರಾಗಿದ್ದಾರೆ. ಅದಕ್ಕೆ ತಡೆಗೋಡೆ ಬೇಕಾಗಲಿಲ್ಲ. ಹಾಯಿಗೂ ಅದೇ ದಾರಿ ಹಿಡಿಯಬಹುದು. ಸೀತಾ, ಸ್ವರ್ಣಾ ನದಿಗಳು ಕೂಡುವ ಕೋಡಿಬೆಂಗ್ರೆ–ಹಂಗಾರಕಟ್ಟೆಯ ಒಳನೀರಿನಲ್ಲಿ ಕೀಲಿಲ್ಲದ ಸಣ್ಣ ಹಾಯಿದೋಣಿಗಳ ಒಂದು ಶಾಲೆ, ಮಳೆಗಾಲಕ್ಕೆ ಅವನ್ನು ದಡಕ್ಕೆ ಎಳೆದಿಡಲು ಒಂದು ಸ್ಲಿಪ್‌ವೇ ಮತ್ತು ಶೆಡ್ಡು, ಕಲಿಸಲು ಕಡಲು ಬಲ್ಲ ಮೊಗವೀರ, ಖಾರ್ವಿ ಯುವಕರು. ಅಕ್ಟೋಬರಿನಿಂದ ಮೇ ಆರಂಭದವರೆಗೆ ಏಳು ತಿಂಗಳ ಒಳ್ಳೆಯ ಗಾಳಿ ನಮಗಿದೆ.

ಬಂದರು ಇಲಾಖೆಯವರಲ್ಲೂ ನಮ್ಮ ಶಾಸಕರಲ್ಲೂ ಕೇಳುವುದಿಷ್ಟು: ಮರೀನಾದ ಟೆಂಡರು ಕರೆಯುವ ಮೊದಲು ಆ ಶಾಲೆಯನ್ನೂ ಸ್ಲಿಪ್‌ವೇಯನ್ನೂ ಕಟ್ಟಿ, ಐದು ವರ್ಷ ನಡೆಸಿ ತೋರಿಸಿ.