ಶಿಲ್ಲಾಂಗ್ ಪ್ರಸ್ಥಭೂಮಿಯ ಉಗಮ: ಕಂಡದ್ದು ಮತ್ತು ಊಹಿಸಿದ್ದು

ಚಿರಾಪುಂಜಿಯ ಮಳೆಯಿಂದಾಗಿ ಮೇಘಾಲಯದ ಹೆಸರು ನಮಗೆ ಚಿರಪರಿಚಿತ. ಆ ಮಳೆಯನ್ನು ತಡೆದು ನಿಲ್ಲಿಸುವ ನೆಲದ ಕಥೆ ಮಾತ್ರ ಅಷ್ಟು ಪರಿಚಿತವಲ್ಲ. ಶಿಲ್ಲಾಂಗ್ ಶಿಖರದ ಎತ್ತರ ಸುಮಾರು 1,960 ಮೀಟರ್. ಅದರ ದಕ್ಷಿಣಕ್ಕೆ, ಬಾಂಗ್ಲಾದೇಶದ ಸಿಲ್ಹೆಟ್ ತಗ್ಗಿನ ನೆಲ ಸಮುದ್ರಮಟ್ಟಕ್ಕಿಂತ ಕೆಲವೇ ಮೀಟರ್ ಮೇಲಿದೆ; ಅಲ್ಲಿ ಸಂಚಯಗೊಂಡಿರುವ ಮೆಕ್ಕಲು ಮತ್ತು ಕಣಶಿಲೆಗಳ ದಪ್ಪ ಹತ್ತು ಕಿಲೋಮೀಟರನ್ನೂ ಮೀರುತ್ತದೆ. ಇವೆರಡರ ನಡುವಿನ ಗಡಿಯೇ ಪೂರ್ವ-ಪಶ್ಚಿಮವಾಗಿ ಹಬ್ಬಿರುವ ಡೌಕಿ ಸ್ತರಭಂಗ.

ಪ್ರಸ್ಥಭೂಮಿಯ ತಳಹದಿ ಪುರಾತನ ನೈಸ್ ಶಿಲೆ. ದಕ್ಷಿಣದ ಇಳಿಜಾರಿನಲ್ಲಿ ಅದರ ಮೇಲೆ ಕ್ರಿಟೇಷಿಯಸ್ ಯುಗದ ಲಾವಾಶಿಲೆ, ಮರಳುಗಲ್ಲು, ಸುಣ್ಣಕಲ್ಲುಗಳ ಪದರಗಳಿವೆ. ಶಿಲೆಗಳು ತಣಿದ ಕಾಲವನ್ನು ಅಳೆದ ಅಧ್ಯಯನಗಳ ಪ್ರಕಾರ ಇಲ್ಲಿನ ಶಿಲಾರಾಶಿ 80 ಲಕ್ಷ ವರ್ಷಗಳಿಗೂ ಮೊದಲೇ ಮೇಲೇರತೊಡಗಿತು. ಆದರೆ ಭೂಮೇಲ್ಮೈ ಎತ್ತರವಾದದ್ದು ಸುಮಾರು 30–40 ಲಕ್ಷ ವರ್ಷಗಳಿಂದೀಚೆಗೆ. ಮೃದುವಾದ ಹೊದಿಕೆ ಏರಿದಂತೆಲ್ಲ ಸವೆಯಿತು. ಗಟ್ಟಿ ನೈಸ್ ಹೊರಬಂದ ಮೇಲಷ್ಟೇ ಬೆಟ್ಟ ನಿಂತಿತು. ಶಿಲೆಯ ಏರಿಕೆ ಬೇರೆ, ನೆಲದ ಎತ್ತರ ಬೇರೆ ಎಂಬ ಈ ವಿವೇಕವನ್ನು ಜನಪ್ರಿಯ ಬರಹಗಳು ಮರೆಯುವುದೇ ಹೆಚ್ಚು.

ಈ ವಿವೇಕಕ್ಕೆ ಮಾದರಿ, 1897ರ ಜೂನ್ 12ರ ಮಹಾಭೂಕಂಪವನ್ನು ಕುರಿತು ಆರ್. ಡಿ. ಓಲ್ಡ್‌ಹ್ಯಾಮ್ 1899ರಲ್ಲಿ ಪ್ರಕಟಿಸಿದ ವರದಿ. ಚೆಡ್ರಾಂಗ್ ಸ್ತರಭಂಗದಲ್ಲಿ ನೆಲ ಸುಮಾರು 35 ಅಡಿಯವರೆಗೆ ಏರುಪೇರಾದುದನ್ನೂ, ಕಲ್ಲುಗಳು ಕುಳಿಯಿಂದ ಎಗರಿ ಬಿದ್ದುದನ್ನೂ ಅವರು ದಾಖಲಿಸಿದರು. ಕಂಡದ್ದನ್ನು ಊಹೆಯೊಡನೆ ಬೆರೆಸದಿರುವುದೇ ಈ ವರದಿಯ ಶಕ್ತಿ. ಆದ್ದರಿಂದಲೇ ಒಂದು ಶತಮಾನದ ಅನಂತರವೂ ಅದರೊಡನೆ ವಾದಿಸುವುದು ಸಾಧ್ಯವಾಯಿತು.

2001ರಲ್ಲಿ ಬಿಲ್ಹಮ್ ಮತ್ತು ಇಂಗ್ಲೆಂಡ್ ಹಳೆಯ ತ್ರಿಕೋಣಮಾಪನದ ಅಳತೆಗಳನ್ನು ಮರಳಿ ಪರಿಶೀಲಿಸಿ, ಪ್ರಸ್ಥಭೂಮಿಯ ಉತ್ತರದಂಚಿನಲ್ಲಿ ದಕ್ಷಿಣಕ್ಕೆ ವಾಲಿದ, ನೆಲದ ಮೇಲೆ ಕಾಣದ ಸ್ತರಭಂಗವೊಂದನ್ನು ಪ್ರತಿಪಾದಿಸಿದರು. ಅದಕ್ಕೆ ಓಲ್ಡ್‌ಹ್ಯಾಮರ ಹೆಸರನ್ನೇ ಇಟ್ಟರು. ಈ ವಾದದಂತೆ, ಉತ್ತರದ ಈ ಬಿರುಕು ಮತ್ತು ದಕ್ಷಿಣದ ಡೌಕಿಯ ನಡುವೆ ಸಿಕ್ಕ ಶಿಲಾಖಂಡವು ಒತ್ತಡಕ್ಕೆ ಮೇಲೆದ್ದು ಪ್ರಸ್ಥಭೂಮಿಯಾಯಿತು. ವಾದ ಆಕರ್ಷಕವಾಗಿದೆ. ಆದರೆ 2004ರಲ್ಲಿ ಸಿ. ಪಿ. ರಾಜೇಂದ್ರನ್ ಮತ್ತು ಸಂಗಡಿಗರು ಭೂಕಂಪದ ಮೂಲ ಇದೇ ಎಂಬುದನ್ನು ಪ್ರಶ್ನಿಸಿದರು. ಹೀಗಿದ್ದೂ ಅನೇಕ ಬರಹಗಳಲ್ಲಿ ಓಲ್ಡ್‌ಹ್ಯಾಮ್ ಸ್ತರಭಂಗವು ಕಣ್ಣಾರೆ ಕಂಡ ವಸ್ತುವಿನಂತೆ ನಕ್ಷೆಯೇರಿದೆ.

ಇದು ಕೇವಲ ಪಂಡಿತರ ತಕರಾರಲ್ಲ. 1897ರಲ್ಲಿ ಜಾರಿದ್ದು ಉತ್ತರದ ಬಿರುಕಾದರೆ, ಡೌಕಿಯಲ್ಲಿ ಕೂಡಿಟ್ಟ ಒತ್ತಡ ಆ ಕಂಪನದಿಂದ ಕಳೆದಿಲ್ಲವೆಂದಾಯಿತು. ಅದರ ಬುಡದಲ್ಲಿರುವುದು ಸಿಲ್ಹೆಟ್ಟಿನ ಜನನಿಬಿಡ ಮೆಕ್ಕಲು ನೆಲ. ವಾದವನ್ನು ಸಿದ್ಧಾಂತವೆಂದು ನಂಬುವುದೂ ಅಪಾಯ, ಊಹೆಯೆಂದು ತಳ್ಳಿಹಾಕುವುದೂ ಅಪಾಯ. ಓಲ್ಡ್‌ಹ್ಯಾಮರು ಕಾಯ್ದುಕೊಂಡ ಅಂತರವನ್ನು ಅವರ ಹೆಸರಿನ ಸ್ತರಭಂಗಕ್ಕೂ ಅನ್ವಯಿಸುವುದೇ ಅವರಿಗೆ ಸಲ್ಲುವ ನಿಜವಾದ ಗೌರವ.